ಸ್ನಾನದಕ್ಕ ಮತ್ತು ತಂಗಿಯ ಬಿಳಿ ಬೆಕ್ಕು

ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಆಕೆಯದು. ಬೀದಿಯವರೆಲ್ಲ ಸ್ನಾನದಕ್ಕ ಎಂದೇ ಕರೆಯುತ್ತಿದ್ದರು. ಹಲ್ಲು ಕಿರಿಯುವ ನಾಯಿಗೂ ಜಗ್ಗದ ಹೆಂಗಸು. ಆದರೆ ತಂಗಿ ತನ್ನ ಬಿಳಿ ಬೆಕ್ಕನ್ನು ತಂದು ಅಂಗಡಿಯಲ್ಲಿ ಕೂರಿಸಿದಂದಿನಿಂದ ಆಕೆಯ ನೆಮ್ಮದಿ ಹಾರಿಹೋಯಿತು.

"ಇದರ ಮೈಯಿಂದ ಶಕ್ತಿ ಹರಿಯತ್ತೆ ಅಕ್ಕ. ಅದು ಬೇರೆ ಪ್ರಾಣಿಗಳ ನೋವು ತೆಗೆಯತ್ತೆ. ನಾನು ಪಕ್ಕದಲ್ಲಿ ಕೈ ಇಟ್ಕೊಂಡಿರ್ತೀನಿ, ಅಷ್ಟೇ" ಎಂದಳು ತಂಗಿ.

ಬೆಕ್ಕು ಮೇಜಿನ ಮೇಲೆ ಮೈಚಾಚಿತೆಂದರೆ ರಂಪ ಮಾಡುವ ನಾಯಿಗಳೂ ತಣ್ಣಗಾಗುತ್ತಿದ್ದವು, ನಿಜ. ಅವು ಎಷ್ಟು ಬೊಗಳಿದರೂ ಬೆಕ್ಕು ಮಿಸುಕುತ್ತಿರಲಿಲ್ಲ. ಇವಳು ನಾಯಿಗಳಿಗೆ ನಿದ್ದೆಯ ಔಷಧಿ ಏನಾದರೂ ಹಾಕುತ್ತಿದ್ದಾಳೆಯೇ? ಅಕ್ಕ ತಂಗಿಯ ಅಂಗೈ ಮೂಸಿದಳು, ಚೀಲ ತಡಕಿದಳು, ನೀರಿನ ಬಟ್ಟಲನ್ನು ತಾನೇ ತೊಳೆದು ತುಂಬಿಸಿದಳು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೇ ಅನುಮಾನ ಇನ್ನಷ್ಟು ಬಲಿಯಿತು.

ಕೊನೆಗೊಂದು ದಿನ ಬೆಕ್ಕಿನ ಬೆನ್ನ ಹಿಂದೆ ನಿಂತು ಎರಡು ತಗಡಿನ ಮುಚ್ಚಳಗಳನ್ನು ಫಟ್ಟೆಂದು ಬಡಿದಳು. ತಂಗಿ ಬೆಚ್ಚಿಬಿದ್ದಳು. ಬೆಕ್ಕು ಪಂಜ ನೆಕ್ಕುತ್ತಲೇ ಇತ್ತು.

"ಇದಕ್ಕೆ ಕಿವಿ ಕೇಳಲ್ಲ ಕಣೇ."

"ಗೊತ್ತು. ಮರಿ ಇದ್ದಾಗಿಂದ್ಲೂ ಹಾಗೇ."

"ಗೊತ್ತಿದ್ದೂ ಶಕ್ತಿ ಗಿಕ್ತಿ ಅಂತೀಯಲ್ಲ?"

"ಹೆದರದೇ ಇರೋದು ಶಕ್ತಿ ಅಲ್ವಾ? ನಾಯಿಗಳು ಸುಮ್ನಾಗ್ತಾವೋ ಇಲ್ವೋ, ಅದು ಹೇಳು."

ಅಕ್ಕ ಮುಚ್ಚಳಗಳನ್ನು ಡಬ್ಬಗಳ ಮೇಲೆ ಒತ್ತಿ ಕೂರಿಸಿದಳು.

ಅದೇ ವಾರ ನಿವೃತ್ತ ಬಸ್ ಕಂಡಕ್ಟರೊಬ್ಬರು ತಮ್ಮ ಮುದಿ ನಾಯಿಯನ್ನು ಎತ್ತಿಕೊಂಡು ಬಂದರು. ಸೋಪು ಹಚ್ಚುವಾಗ ಅಕ್ಕನ ಕೈಗೆ ಅದರ ಹೊಟ್ಟೆ ಬಿಗಿದು ಉಬ್ಬಿದ್ದು ತಿಳಿಯಿತು. ಅದು ಏದುಸಿರು ಬಿಡುತ್ತಿತ್ತು.

"ಇದರ ಹೃದಯದ ಮಾತ್ರೆ ದಿನಾ ಕೊಡ್ತಿದೀರಾ?"

"ಹೋದ ಸಲ ಬಂದಾಗ ನಿಮ್ಮ ತಂಗಿಯವರ ಬೆಕ್ಕು ಪಕ್ಕ ಮಲಗಿದ ಮೇಲೆ ಗೆಲುವಾಗಿತ್ತಲ್ಲ, ನಿಲ್ಲಿಸಿಬಿಟ್ಟೆ."

ಅಕ್ಕ ತಂಗಿಯ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು. "ನಿಲ್ಲಿಸಿ ಅಂತ ನಾನು ಹೇಳಿಲ್ಲ" ಎಂದು ತಂಗಿ ಗೊಣಗಿದಳು.

"ನಿಲ್ಲಿಸಬೇಡಿ ಅಂತಲೂ ಹೇಳಿಲ್ಲ. ಟವೆಲ್ ತಗೊಂಡು ಬಾ, ನಡಿ."

ಒದ್ದೆ ನಾಯಿಯನ್ನು ಸುತ್ತಿಕೊಂಡು ಮೂವರೂ ಪಶುವೈದ್ಯರ ಬಳಿ ಓಡಿದರು. ಹೃದಯದ ಮಾತ್ರೆ ತಪ್ಪಿದ್ದರಿಂದ ಹೊಟ್ಟೆಯಲ್ಲಿ ನೀರು ತುಂಬಿತ್ತು. ವೈದ್ಯರು ನೀರು ತೆಗೆದರು. ನಾಯಿ ಉಳಿಯಿತು. ಅದು ಚೇತರಿಸಿಕೊಳ್ಳುವವರೆಗೂ ತಂಗಿ ದಿನಾ ಕಂಡಕ್ಟರರ ಮನೆಗೆ ಹೋಗಿ, ಅವರು ಮಾತಾಡಿಸದಿದ್ದರೂ, ಮಾತ್ರೆ ನುಂಗಿಸಿ ಬರುತ್ತಿದ್ದಳು.

ಬೆಕ್ಕು ಈಗಲೂ ಅಂಗಡಿಗೆ ಬರುತ್ತದೆ, ಸ್ನಾನದ ಹೊತ್ತಿಗೆ ಮಾತ್ರ. ಕಾಯಿಲೆಯ ಪ್ರಾಣಿ ಬಂದರೆ ಡಾಕ್ಟರು ಏನಂದರು ಎಂದು ತಂಗಿಯೇ ಮೊದಲು ಕೇಳುತ್ತಾಳೆ. ನಿಜವಾಗಿಯೂ ಕೇಳುತ್ತಾಳೋ ಇಲ್ಲವೋ ಎಂದು ಅಕ್ಕ ಒಳಗಿನಿಂದ ನಲ್ಲಿ ನಿಲ್ಲಿಸಿ ಆಲಿಸುತ್ತಾಳೆ.