ತಂಬಾಕಿನ ಕೈಗೆ ಸ್ಪಿರಿಟ್

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಉಳಿದೆಲ್ಲ ಉಗುರುಗಳಿಗಿಂತ ಉದ್ದವಿತ್ತು. ಬೀಡಿಯ ತುದಿ ಮಡಚಿ ಒಳಗೆ ಒತ್ತಲು ಅದು ಬೇಕು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟದ ಹೆಂಗಸು ನಾನೊಬ್ಬಳೇ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಬಂದು, ಅಕ್ಕನ ಮನೆಯಲ್ಲಿದ್ದುಕೊಂಡು, ಚಿಕ್ಕೋಡಿಯ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು.

ಆ ಬೇಸಿಗೆಯಲ್ಲಿ ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಓಣಿಯ ಮಕ್ಕಳಿಗೆಲ್ಲ ಭೇದಿ. ನಾನು ಔಷಧದ ಅಂಗಡಿಯಿಂದ ಸ್ಪಿರಿಟ್ ತಂದೆ. ಸೂಜಿ ಚುಚ್ಚುವ ಮೊದಲು ಚರ್ಮಕ್ಕೆ ಒರೆಸುವಂಥದ್ದೇ.

"ಎರಡೂ ಕೈಗೆ ತಿಕ್ಕಿಕೊಂಡು ಒಣಗಾಕ ಬಿಡು. ನೀರು ಬೇಕಾಗಿಲ್ಲ" ಎಂದೆ.

ಅಕ್ಕನಿಗೆ ಖುಷಿಯಾಯಿತು. "ಬೂದಿ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಒಂದು ಚರಗಿ ನೀರು ಹೋಗತಿತ್ತು. ಇದು ಚಲೋ ಆತು ನೋಡು."

ನೆರೆಯ ಮೂರು ಮನೆಯವರೂ ಕೇಳಿದರು. ಹೆಚ್ಚು ಮಾತಾಡುವವಳಲ್ಲದ ನಾನು ಅವರಿಗೂ ಸಣ್ಣ ಬಾಟ್ಲಿಗಳಲ್ಲಿ ಸುರಿದು ಕೊಟ್ಟು, ಅದೇ ಮಾತನ್ನು ಹೇಳಿದೆ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಬೀಡಿಯ ಮೊರ ಬದಿಗಿಟ್ಟು, ಕೈಗೆ ಸ್ಪಿರಿಟ್ ಹಚ್ಚಿ, ಅನ್ನ ಬೇಳೆ ನುಣ್ಣಗೆ ಕಿವುಚಿ ಹತ್ತು ತಿಂಗಳ ಮಗಳಿಗೆ ತಿನ್ನಿಸಿದಳು. ಅರ್ಧ ಗಂಟೆಯೊಳಗೆ ಕೂಸು ಮೂರು ಸಲ ವಾಂತಿ ಮಾಡಿತು. ಬಾಯಿಂದ ಜೊಲ್ಲು ನಿಲ್ಲಲಿಲ್ಲ, ಹಣೆ ತಣ್ಣಗೆ ಬೆವರಿತು. ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಡಾಕ್ಟರರಲ್ಲಿಗೆ ಓಡಿದೆವು.

ಅವರು ಕೂಸನ್ನು ಪರೀಕ್ಷಿಸಿ, ಆಮೇಲೆ ಅಕ್ಕನ ಕೈ ಹಿಡಿದು ಮೂಸಿ ನೋಡಿದರು.

"ಕೈ ತೊಳದಿದ್ದೇನವಾ?"

"ಸ್ಪಿರಿಟ್ ಹಚ್ಚೇನ್ರಿ. ನಮ್ಮ ತಂಗಿ ಕಲತಾಕಿ, ಆಕೀನ ಹೇಳ್ಯಾಳ್ರಿ."

ಡಾಕ್ಟರರು ನನ್ನತ್ತ ತಿರುಗಿದರು. "ಕ್ರಿಮಿ ಸಾಯ್ತಾವು, ಖರೆ. ತಂಬಾಕು ಎಲ್ಲಿ ಹೋಗಬೇಕು? ಕೈಯಾಗನ ಇರತೈತಿ. ಅನ್ನದಾಗ ಕಲಸಿ ತಿನಿಸೀರಿ."

ಕೊಳೆಯಾದ ಕೈಗೆ ಸ್ಪಿರಿಟ್ ಹಚ್ಚಿ ಪ್ರಯೋಜನವಿಲ್ಲ, ಮೊದಲು ತೊಳೆಯಬೇಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಲ್ಯಾಬಿನಲ್ಲಿ ದಿನವೂ ಹಾಗೇ ಮಾಡುತ್ತಿದ್ದೆ. ಮನೆಗೆ ಬರುವಾಗ ಅದರ ಅರ್ಧವನ್ನಷ್ಟೇ ತಂದಿದ್ದೆ.

ಸಂಜೆಯವರೆಗೆ ಕೂಸನ್ನು ಅಲ್ಲೇ ಇಟ್ಟುಕೊಂಡರು. ದೀಪ ಹಚ್ಚುವ ಹೊತ್ತಿಗೆ ಅದು ಹಾಲು ಕುಡಿದು, ಅಕ್ಕನ ಬಳೆ ಎಳೆಯತೊಡಗಿತು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಅಂದಳು: "ಬೂದಿ ಯಾವ ಕಾಲೇಜಿಗೂ ಹೋಗಿರಲಿಲ್ಲ. ಆದ್ರ ತನ್ನ ಕೆಲಸ ಅದಕ್ಕ ಗೊತ್ತಿತ್ತು."

ಉಳಿದ ಮೂರು ಮನೆಗಳಲ್ಲಿ ನನ್ನ ಮಾತು ಇನ್ನೂ ನಡೆಯುತ್ತಿತ್ತು. ಅವುಗಳಲ್ಲಿ ಎರಡರಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರು.

ಮರುದಿನ ಬೆಳಿಗ್ಗೆ ಏಳರ ಬಸ್ಸು ಬಿಟ್ಟೆ. ದೂರದ ಬಾವಿಯಿಂದ ನೀರು ಸೇದಿ, ಕೊಡವನ್ನೂ ಒಂದು ಸಾಬೂನನ್ನೂ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ನಾವು ಕಾಕು ಎಂದು ಕರೆಯುತ್ತಿದ್ದ ಅಲ್ಲಿಯ ಹಿರಿಯ ಹೆಂಗಸು ಆಗಲೇ ಬೀಡಿ ಕಟ್ಟುತ್ತಿದ್ದರು.

"ಕಾಕು, ನಾ ಹೇಳಿದ್ದು ತಪ್ಪೈತ್ರಿ."

"ಯಾಕ, ಬಾಟ್ಲಿ ವಾಪಸ್ ಬೇಕೇನ?"

"ಬ್ಯಾಡ್ರಿ. ತಂಬಾಕು ಮುಟ್ಟಿದ ಕೈಗೆ ಮೊದಲು ಸಾಬೂನು, ನೀರು. ಸ್ಪಿರಿಟ್ ಬೇಕಾದ್ರ ಆಮ್ಯಾಲ."

"ನೀರು ನೀ ತರತೀಯೇನ?"

"ಇವತ್ತಿಂದು ತಂದೇನ್ರಿ" ಎಂದು ಕೊಡ ಇಳಿಸಿದೆ. ಅವರ ಕೈ ತೊಳೆಸಿ, ಎರಡನೆಯ ಮನೆಯ ಬಾಗಿಲು ತಟ್ಟಿದೆ.