ಸುಹರಾಳ ಆನೆ ಸೈರನ್

ಕಲ್ಲುಗುಂಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಸುಹರಾ ಪಿಯುಸಿ ಗಣಿತ ಪಾಸಾದದ್ದು ಎರಡನೇ ಸಲಕ್ಕೆ. ಪ್ರೋಗ್ರಾಮಿಂಗ್ ಮಾತ್ರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾನೇ ಕಲಿತಳು. ಗುತ್ತಿಗಾರಿನ ದುಗ್ಗಮ್ಮನ ಬಾಳೆತೋಟಕ್ಕೆ ಆನೆ ಮೂರನೇ ಸಲ ನುಗ್ಗಿದಾಗ ಅವಳಿಗೊಂದು ಯಂತ್ರ ಮಾಡಿಕೊಟ್ಟಳು. ಕಾಡಿನ ಬದಿಯ ಮರದಲ್ಲಿ ಮೈಕ್, ಜಗಲಿಯಲ್ಲಿ ಅಂಗೈಯಗಲದ ಕಂಪ್ಯೂಟರ್, ಮನೆಯ ಮಾಡಿನ ಮೇಲೆ ಸೈರನ್. ಜೀರುಂಡೆಯಿಂದ ಆನೆಯವರೆಗಿನ ಸದ್ದೆಲ್ಲ ಒಂದೇ ಅಳತೆಗೆ ಬರಲೆಂದು ಪ್ರೋಗ್ರಾಮು ಪ್ರತಿ ಸೆಕೆಂಡಿನ ಸದ್ದಿನ ಲಾಗರಿದಮ್ ತೆಗೆಯುತ್ತಿತ್ತು. ಕಳೆದ ಹತ್ತು ನಿಮಿಷದ ಸರಾಸರಿಗಿಂತ ಅದು ತುಂಬ ಮೇಲೇರಿದರೆ ಸೈರನ್ ಕೂಗುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ದುಗ್ಗಮ್ಮನ ಜಗಲಿಯಲ್ಲಿ ಸ್ವಸಹಾಯ ಸಂಘದ ಸಭೆ ನಡೆಯುವಾಗ, ಸೈರನ್ ಕೂಗಿತು. ಹದಿನೆಂಟು ಹೆಂಗಸರು ಚಹಾ ಬಿಟ್ಟು ಅಡುಗೆಮನೆಗೆ ಓಡಿದರು. ಹೊರಗೆ ಇದ್ದದ್ದು ಒಂದು ಹುಂಜ.

"ಸುಹರಾ, ನಿನ್ನ ಯಂತ್ರಕ್ಕೆ ಹುಂಜವೂ ಆನೆಯೇ ಮಾರಾಯ್ತಿ," ಎಂದು ದುಗ್ಗಮ್ಮ ಫೋನ್ ಮಾಡಿದಳು. "ಕೆಮ್ಮಿದರೂ ಕೂಗ್ತದೆ."

ಸುಹರಾ ಮಧ್ಯಾಹ್ನದ ಬಸ್ಸಿಗೆ ಬಂದು ಯಂತ್ರ ಬರೆದಿಟ್ಟ ದಾಖಲೆ ತೆರೆದಳು. ಮೈಕಿನ ವಯರು ಗಾಳಿಗೆ ಸಡಿಲಾಗಿ ಒಂದು ಸೆಕೆಂಡ್ ಪೂರ್ತಿ ಸೊನ್ನೆ ಬಂದಿತ್ತು. ಸೊನ್ನೆಗೆ ಲಾಗರಿದಮ್ ಇಲ್ಲ. ಕಂಪ್ಯೂಟರ್ 'ಮೈನಸ್ ಅನಂತ' ಎಂದು ಬರೆದು ಮುಂದೆ ಹೋಗಿತ್ತು. ಉಳಿದ ಐನೂರ ತೊಂಬತ್ತೊಂಬತ್ತು ಸೆಕೆಂಡ್ ಸರಿಯಿದ್ದರೂ ಸರಾಸರಿ ಪಾತಾಳಕ್ಕಿಳಿದಿತ್ತು. ಅಲ್ಲಿಂದ ನೋಡಿದರೆ ಹುಂಜದ ಕೂಗೂ ಬೆಟ್ಟದಷ್ಟು.

"ಅದು ಮೊದಲೇ ಹೇಳುದಿಲ್ವಾ?" ದುಗ್ಗಮ್ಮ ಕೇಳಿದಳು.

ಸುಹರಾ ತಲೆ ತಗ್ಗಿಸಿದಳು. "ಹೇಳ್ತದೆ ಅಕ್ಕ. ಎಚ್ಚರಿಕೆ ಬಂದು ಬಂದು ಸ್ಕ್ರೀನ್ ತುಂಬ್ತಿತ್ತು. ನಾನೇ ಬಾಯಿ ಮುಚ್ಚಿಸಿದ್ದು."

ಸೊನ್ನೆಯ ಜಾಗಕ್ಕೆ ಒಂದು ತೀರಾ ಸಣ್ಣ ಸಂಖ್ಯೆ ತುಂಬಿಸಿ ನೋಡಿದಳು. ಸರಾಸರಿ ಮೈನಸ್ ಅನಂತಕ್ಕೆ ಇಳಿಯಲಿಲ್ಲ ನಿಜ, ಆದರೆ ವಯರು ಹತ್ತು ಸೆಕೆಂಡ್ ಕಳಚಿಕೊಂಡರೆ ಮತ್ತೆ ತಗ್ಗುತ್ತಿತ್ತು.

"ಎಂತದಕ್ಕೆ ತುಂಬಿಸುದು?" ಎಂದಳು ದುಗ್ಗಮ್ಮ. "ಕಾಡು ಯಾವಾಗ ಪೂರ್ತಿ ಸುಮ್ಮನಿರ್ತದೆ? ಎಲೆಯಾದರೂ ಅಲ್ಲಾಡ್ತದೆ."

ಸುಹರಾ ಕೀಬೋರ್ಡಿನಿಂದ ಕೈ ತೆಗೆದಳು. ಹಾಗಾದರೆ ಸೊನ್ನೆ ಎಂದರೆ ಮೌನವಲ್ಲ, ಮೈಕ್ ಕೆಟ್ಟದ್ದು. ಸೊನ್ನೆಗಿಂತ ಹೆಚ್ಚಿದ್ದ ಸೆಕೆಂಡುಗಳಿಗೆ ಮಾತ್ರ ಲಾಗರಿದಮ್ ತೆಗೆಸಿದಳು. ಸೊನ್ನೆಯವನ್ನು ಸರಾಸರಿಯಿಂದ ಹೊರಗಿಟ್ಟು, ಅವು ಬಂದರೆ 'ವಯರು ನೋಡಿ' ಎಂದು ದುಗ್ಗಮ್ಮನಿಗೆ ಮೆಸೇಜ್ ಹೋಗುವಂತೆ ಮಾಡಿದಳು. ಎಚ್ಚರಿಕೆಗಳ ಬಾಯಿಯನ್ನೂ ಬಿಚ್ಚಿದಳು.

ಮೂರು ವಾರದ ನಂತರ ಸಂಜೆ ಆನೆ ನಿಜವಾಗಿಯೂ ಬಂತು. ಸೈರನ್ ಕೂಗಿತು, ಆನೆ ಎರಡು ಬಾಳೆ ಮುರಿದು ಹಿಂದಿರುಗಿತು. ಮರುದಿನ ಬಸ್ಸಿನ ಕಂಡಕ್ಟರ್ ಸುಹರಾಳ ಅಂಗಡಿಯಲ್ಲಿ ಒಂದು ಬಾಳೆಗೊನೆ ಇಳಿಸಿ ಹೋದ. ಹಿಂದೆಯೇ ದುಗ್ಗಮ್ಮನ ಫೋನ್: "ತಿನ್ನು. ಆನೆ ಮುಟ್ಟದ್ದೇ ಕಳಿಸಿದ್ದು."