ತಂಬಿಗೆಯಲ್ಲಿ ಬಂದ ವೆನಿಸ್

ಮೊನ್ನೆ ಅಟ್ಟ ಗುಡಿಸುವಾಗ ಪ್ಲಾಸ್ಟಿಕ್ ದೋಣಿಯೊಂದು ಕೈಗೆ ಸಿಕ್ಕಿತು. ಬಣ್ಣ ಹೋಗಿದೆ, ಹುಟ್ಟು ಹಾಕುವವನ ತಲೆ ಮುರಿದಿದೆ. ಎಂಬತ್ತರ ದಶಕದಲ್ಲಿ ಸದಾಶಿವನಗರದ ನಮ್ಮ ಬೀದಿಯ ಮನೆಮನೆಗೂ ಇದನ್ನು ಹಂಚಿದವರು ಪಕ್ಕದ ಮನೆಯ ಇಂಜಿನಿಯರು. ಫ್ಯಾಕ್ಟರಿಯವರು ಯಾವುದೋ ಮೆಷಿನ್ ಕಲಿಯಲು ಇಟಲಿಗೆ ಕಳಿಸಿದ್ದರು. ಅಲ್ಲಿಂದ ಎರಡು ದಿನ ವೆನಿಸ್ ಸುತ್ತಿ ಬಂದ ಮನುಷ್ಯ ವರ್ಷಗಟ್ಟಲೆ ನಮ್ಮ ತಲೆ ತಿಂದರು.

ಗುಬ್ಬಿ ಹತ್ತಿರದ ಕಡಬದ ಕೆರೆ ಕೋಡಿ ಬಿತ್ತೆಂದು ನಾವು ನೋಡಲು ಹೊರಟರೆ, "ಅದೂ ಒಂದು ನೀರೇನ್ರೀ? ವೆನಿಸ್‌ನಲ್ಲಿ ಸಮುದ್ರಾನೇ ಬಾಗ್ಲಿಗೆ ಬರುತ್ತೆ" ಅನ್ನುವರು. ಸರಿ, ಅಲ್ಲಿ ಏನೇನು ನೋಡಿದಿರಿ ಎಂದರೆ, ದೋಣಿಯವನ ಹತ್ತಿರ ಚೌಕಾಶಿ ಮಾಡಿದ್ದು, ಪಾರಿವಾಳ ಕೋಟಿನ ಮೇಲೆ ಗಲೀಜು ಮಾಡಿದ್ದು… ಅಷ್ಟೇ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗುಬ್ಬಿಯ ತವರು ಬಿಟ್ಟರೆ ಬೇರೆ ಊರು ಕಂಡವರಲ್ಲ. ಗಂಡ ಹೊರಡುವ ದಿನ ತಾಮ್ರದ ಪುಟ್ಟ ತಂಬಿಗೆ ಕೊಟ್ಟು, "ಕಾಶಿಗಂತೂ ಕರ್ಕೊಂಡ್ ಹೋಗ್ಲಿಲ್ಲ. ಆ ನೀರಿನ ಊರಿಂದಾದ್ರೂ ಒಂಚೂರು ತನ್ನಿ, ಗಂಗೆ ಪೂಜೆ ಮಾಡ್ತೀನಿ" ಎಂದು ಕೇಳಿಕೊಂಡರು. ಆತ ನಕ್ಕಿದ್ದರು.

ತಂಬಿಗೆ ತುಂಬಿಯೇ ಬಂತು. ಅಕ್ಕನ ಸಂಭ್ರಮ ಹೇಳತೀರದು. ತಂಬಿಗೆಗೆ ರವಿಕೆ ಕಣ ಸುತ್ತಿ, ಹೂ ಮುಡಿಸಿ ಪೂಜೆ ಮಾಡಿದರು. ಬೀದಿಗೆಲ್ಲ ಹೋಳಿಗೆ ಊಟ. ಇಂಜಿನಿಯರು ಮಡಿಪಂಚೆ ಉಟ್ಟು ತೀರ್ಥ ಕೊಡುತ್ತಾ ಮತ್ತೆ ವೆನಿಸ್ ಪುರಾಣ ಶುರು ಮಾಡಿದರು. ಮೊದಲು ತೀರ್ಥ ತೆಗೆದುಕೊಂಡ ಅಕ್ಕ ಗಂಡನ ಮುಖ ನೋಡಿ ಸರಸರ ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ಸಮುದ್ರದ ನೀರು ಸಪ್ಪಗಿರುತ್ತೇನೇ? ಯಾವ್ದೋ ನಲ್ಲಿ ನೀರು ಹಿಡ್ಕೊಂಡ್ ಬಂದವ್ರೆ."

ನನಗೆ ಮೈಯೆಲ್ಲ ಉರಿಯಿತು. "ಈಗ್ಲೇ ಕೇಳಿ ಅಕ್ಕ!"

"ಸುಮ್ನಿರೇ. ಎಲೆ ಹಾಕಾಗಿದೆ, ಬಡ್ಸೋಣ ಬಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟು ಸಣ್ಣ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ದಿನ ಕಾಲಡಿಯಲ್ಲೇ ನೀರು. ಬಗ್ಗಿ ಒಂದು ತಂಬಿಗೆ ಅದ್ದಲು ಆ ಸೊಂಟಕ್ಕೆ ಆಗಲಿಲ್ಲ!

ಅಕ್ಕ ಹೋಗಿ ಆರು ವರ್ಷವಾಯಿತು. ಕಾಶಿ ಕಾಣದೆಯೇ ಹೋದರು… ಸಂಜೆಯ ಹೊತ್ತು ಅವರ ಮನೆಯ ಕಡೆ ನೋಡಲು ನನಗೆ ಈಗಲೂ ಆಗುವುದಿಲ್ಲ. ಹೋದ ವಾರ ಪಾರ್ಕಿನಲ್ಲಿ ಸಿಕ್ಕ ಇಂಜಿನಿಯರು ಪಕ್ಕದಲ್ಲಿ ಕೂತು, "ನಮ್ಮನೆಯೋಳು ಪಾಪ, ನಾನು ಏನು ಹೇಳಿದ್ರೂ ನಂಬ್ತಿದ್ಲಮ್ಮ" ಎಂದರು.

ಮಾತು ಬಾಯಿಯ ತನಕ ಬಂದಿತ್ತು. ಆದರೆ ಒಟ್ಟಿಗೆ ಬಾಳಿದಷ್ಟೂ ವರ್ಷ ಅಕ್ಕನೇ ಹೇಳದೆ ಹೋದದ್ದನ್ನು ಹೇಳಲು ನಾನು ಯಾರು? ಹೂಂ ಎಂದು ಎದ್ದು ಬಂದೆ.